ಠೇವಣಿಗೆ ಬಿದ್ದ ಕೋಟು

ಇದ್ದಿಲಿನ ಪೆಟ್ಟಿಗೆಯಿಂದ ಹಾರಿದ ಕಿಡಿಯೊಂದು ಬಿಳಿ ಅಂಗಿಯ ಕಾಲರಿನ ಮೇಲೆ ಕೂತು ಕಾಳಿನಷ್ಟು ತೂತು ಮಾಡಿತು. ಇಸ್ತ್ರಿ ಅಕ್ಕ ಅಂಗಿಯನ್ನು ಬೆಳಕಿಗೆ ಹಿಡಿದು ನೋಡಿದಳು. ತೂತಿನಲ್ಲಿ ಅವಳಿಗೆ ಎದುರಿನ ಗೋಡೆ ಕಾಣಿಸಿತು. ಆ ವಾರದ ಸಂಪಾದನೆ ಹೊರಟುಹೋದದ್ದೂ ಕಾಣಿಸಿತು.

ಪಕ್ಕದ ಹೊಲಿಗೆ ಅಂಗಡಿ ನನ್ನದು. ನಮ್ಮ ನಡುವೆ ಇರುವುದು ಹಲಗೆಯ ಗೋಡೆ. ಅವಳ ಅತ್ತೆ ಹೊಗೆಗೆ ಕೆಮ್ಮಿದರೆ ನನ್ನ ಮಿಷನ್ನಿನ ಸೂಜಿ ಅದುರುತ್ತದೆ.

"ಅಣ್ಣಾ, ಕಾಲರ್ ತಿರುಗಿಸಿ ಹೊಲಿದ್ರೆ ಗೊತ್ತಾಗುತ್ತಾ?"

"ಗೊತ್ತಾಗುತ್ತೆ ಕಣಮ್ಮ."

"ಹಾಗಾದ್ರೆ ಹೊಸದೇ ಕೊಡಿಸ್ಬೇಕು," ಎಂದಳು. ಮತ್ತೆ ಪೆಟ್ಟಿಗೆಗೆ ಇದ್ದಿಲು ತುಂಬಿದಳು.

ಕರೆಂಟಿನ ಇಸ್ತ್ರಿಪೆಟ್ಟಿಗೆ ಇರಲಿಲ್ಲವೆಂದಲ್ಲ. ಅದು ಬಟ್ಟೆ ಸುತ್ತಿಕೊಂಡು ಹಲಗೆಯ ಮೇಲೆ ಮಲಗಿತ್ತು. ಅವಳೂ ನಾವೂ ಎಷ್ಟೋ ವರ್ಷ ಇದ್ದ ಹಳೆಯ ಕಟ್ಟಡವನ್ನು ಮಾಲೀಕ ಕೆಡವಿಸಿದ. ಅವಳು ಈ ಕೋಣೆಗೆ ಬಂದಳು. ಇಲ್ಲಿಗೆ ಕರೆಂಟು ಬೇಕೆಂದರೆ ವಿದ್ಯುತ್ ಕಂಪನಿಗೆ ಹೊಸದಾಗಿ ಠೇವಣಿ ಕಟ್ಟಬೇಕು. ಹಳೆಯ ಠೇವಣಿ ಕಂಪನಿಯ ಬಳಿಯೇ ಇತ್ತಲ್ಲ, ಅದನ್ನು ತೆಗೆದುಕೊಂಡು ಇದಕ್ಕೆ ಕಟ್ಟಿದರಾಯಿತು ಎಂದು ಅವಳ ಎಣಿಕೆ. ಎಣಿಕೆ ಸರಿಯಾಗಿಯೇ ಇತ್ತು. ಸಿಕ್ಕಿಹಾಕಿಕೊಂಡದ್ದು ಕಂಪನಿಯ ಕಿಟಕಿಯಲ್ಲಿ.

ಅಲ್ಲಿ ಎರಡು ಕಿಟಕಿಗಳಿದ್ದವು. ದುಡ್ಡು ಕಟ್ಟುವ ಕಿಟಕಿ ಸದಾ ತೆರೆದಿರುತ್ತಿತ್ತು, ಮುಂದೆ ಫ್ಯಾನೂ ಇತ್ತು. ದುಡ್ಡು ವಾಪಸು ಕೊಡುವ ಕಿಟಕಿಗೆ ಬಾಗಿಲಿತ್ತು, ಬಾಗಿಲಿಗೆ ಚಿಲಕವಿತ್ತು. ಎರಡರ ಹಿಂದೆಯೂ ಇದ್ದವನು ಒಬ್ಬನೇ ಗುಮಾಸ್ತ. ಆಕೆಯ ಜೊತೆಗೆ ನಾನೂ ಹೋಗಿದ್ದೆ. ಅವನು ಬೇಸರದಿಂದ ಕುರ್ಚಿ ಎಳೆದುಕೊಂಡು ಎರಡನೆಯ ಕಿಟಕಿಗೆ ಬಂದ.

"ಮೀಟರ್ ತಪಾಸಣೆ ಆಗ್ಬೇಕು. ಮೀಟರ್ ಜಾಗದಲ್ಲಿದ್ದು ಸರಿಯಾಗಿದೆ ಅಂತ ಇನ್ಸ್‌ಪೆಕ್ಟರ್ ಬರ್ಕೊಟ್ರೆ ದುಡ್ಡು ಕೊಡ್ತೀವಿ."

"ಮೀಟರ್ ನೀವೇ ಬಿಚ್ಕೊಂಡು ಹೋದ್ರಲ್ಲ ಸ್ವಾಮಿ."

"ಹೌದು. ಅದಕ್ಕೇ ತಪಾಸಣೆ ಮಾಡಕ್ಕಾಗ್ತಿಲ್ಲ."

"ಹಾಗಾದ್ರೆ ನನ್ನ ದುಡ್ಡು?"

"ಅದು ನಿಮ್ದೇ. ಯಾರೂ ಇಲ್ಲ ಅಂದಿಲ್ವಲ್ಲ. ನಮ್ಮ ಹತ್ರ ಇದೆ ಅಷ್ಟೆ."

ಅಷ್ಟು ಹೇಳಿ ಅವನು ಕುರ್ಚಿಯನ್ನು ಮೊದಲನೆಯ ಕಿಟಕಿಗೆ ಎಳೆದುಕೊಂಡು ಹೋಗಿ, ಅಲ್ಲಿಂದಲೇ ಮೃದುವಾಗಿ ಕೇಳಿದ: "ಹೊಸ ಠೇವಣಿ ಇವತ್ತೇ ಕಟ್ತೀರಾ?"

ಇಸ್ತ್ರಿ ಅಕ್ಕ ಆಮೇಲೂ ಹಲವು ಸಲ ಹೋದಳು, ಅಂಗಡಿ ಮುಚ್ಚಿ ಹೋದಳು. ಹೋದಷ್ಟು ದಿನ ಗಿರಾಕಿಗಳು ತಪ್ಪಿದರು. ಬೀದಿಯವರೆಲ್ಲ ಮಾವ ಎಂದು ಕರೆಯುವ ಚಪ್ಪಲಿ ಹೊಲಿಯುವವನ ಕಥೆಯೂ ಅದೇ, ನನ್ನದೂ ಅದೇ. ಕೆಡವಿದ ಕಟ್ಟಡದಲ್ಲಿದ್ದ ಎಲ್ಲರದೂ ಅದೇ. ಆದರೆ ನಾವೆಲ್ಲ ಅದನ್ನು ಹಣೆಬರಹ ಎಂದುಕೊಂಡು ಬೇರೆಬೇರೆಯಾಗಿ ಬೈದುಕೊಳ್ಳುತ್ತಿದ್ದೆವು.

ಹೀಗಿರುವಾಗ ಕಂಪನಿಯ ದೊಡ್ಡ ಸಾಹೇಬರ ಡ್ರೈವರ್ ಒಂದು ಕರಿ ಕೋಟು ತಂದುಕೊಟ್ಟ. ಕಂಪನಿಗೆ ಆ ವರ್ಷ ಭಾರೀ ಲಾಭ ಬಂದಿತ್ತು. ಆಫೀಸಿನ ಅಂಗಳದಲ್ಲೇ ಸಮಾರಂಭ, ಹೊರಗಿನಿಂದ ದೊಡ್ಡ ದೊಡ್ಡವರು ಬರುವವರಿದ್ದರು. ಅಕ್ಕ ಕೋಟಿನ ಮೇಲೆ ಒದ್ದೆ ಬಟ್ಟೆ ಹಾಸಿ, ಒಂದು ಕಿಡಿಯೂ ತಾಗದಂತೆ ಇಸ್ತ್ರಿ ಹೊಡೆದಳು. ಡ್ರೈವರ್ ಒಯ್ಯಲು ಬಂದಾಗ ಕೋಟು ಗೂಟಕ್ಕೆ ನೇತುಬಿದ್ದಿತ್ತು.

"ಕೊಡಕ್ಕಾಗಲ್ಲ ತಮ್ಮ. ತಪಾಸಣೆ ಆಗ್ಬೇಕು," ಎಂದಳು.

"ಯಾವ ತಪಾಸಣೆ?"

"ಕೋಟು ಸಾಹೇಬ್ರ ಮೈಮೇಲಿದ್ದು ಸರಿಯಾಗಿ ಕೂತಿದೆಯಾ ಅಂತ ನೋಡ್ಬೇಕು. ಆಮೇಲೆ ಕೊಡೋದು."

"ಕೋಟು ನಿಮ್ಮ ಹತ್ರ ಇದ್ರೆ ಅವರ ಮೈಮೇಲೆ ಹೇಗಿರುತ್ತೆ ಅಕ್ಕ?"

"ಅದೇ ತೊಂದ್ರೆ ನೋಡು," ಎಂದಳು ಅಕ್ಕ, ಮುಖದಲ್ಲಿ ಒಂದು ಗೆರೆಯೂ ಅಲುಗದೆ. "ಕೋಟು ಅವ್ರದೇ. ನಾನೇನು ಇಲ್ಲ ಅಂದಿಲ್ಲ. ನಮ್ಮ ಹತ್ರ ಇದೆ ಅಷ್ಟೆ."

ಹಲಗೆಯ ಈಚೆ ನನ್ನ ಕಾಲು ಮಿಷನ್ನಿನ ಮೇಲೆ ನಿಂತೇಹೋಯಿತು.

ಒಂದು ಗಂಟೆಯೊಳಗೆ ಪೊಲೀಸ್ ಪೇದೆ ಬಂದ. ಕೋಟು ನೋಡಿದ, ಅಕ್ಕನನ್ನು ನೋಡಿದ.

"ಕದ್ದಿದ್ದಾ?"

"ಗೂಟಕ್ಕೆ ಹಾಕಿದೀನಿ, ಕಾಣ್ತಿದೆಯಲ್ಲ."

"ಕೊಡಲ್ವಾ ಮತ್ತೆ?"

"ಕೊಡ್ತೀನಿ. ನಿಯಮದ ಪ್ರಕಾರ."

ಅಕ್ಕ ಠೇವಣಿಯ ಕಥೆಯನ್ನೆಲ್ಲ ಹೇಳಿದಳು. ಪೇದೆ ಕೇಳುತ್ತಾ ಕೇಳುತ್ತಾ ಸ್ಟೂಲಿನ ಮೇಲೆ ಕೂತ. ಅವನಿಗೂ ವರ್ಗವಾಗಿ ಮನೆ ಬದಲಾಗಿತ್ತು. ಅವನ ದುಡ್ಡೂ ಅದೇ ಕಿಟಕಿಯ ಹಿಂದೆ ತಪಾಸಣೆಗೆ ಕಾಯುತ್ತಿತ್ತು. ಬರೆಯಲು ತೆಗೆದಿದ್ದ ಪೆನ್ನಿಗೆ ಮುಚ್ಚಳ ಹಾಕಿದ. "ಇದನ್ನ ಬರೆದ್ರೆ ಅದನ್ನೂ ಬರೀಬೇಕಾಗುತ್ತೆ," ಎಂದು ಗೊಣಗಿ ಹೊರಟುಹೋದ.

ಸಂಜೆಗೆ ಸಾಹೇಬರೇ ಬಂದರು. ಕಾರನ್ನು ಬೀದಿಯ ತುದಿಯಲ್ಲೇ ಬಿಟ್ಟು, ಕೆಸರು ದಾಟಿ, ಬಾಗಿಲಿಗೆ ತಲೆ ತಗ್ಗಿಸಿ ಒಳಗೆ ಬಂದರು. ಇದ್ದಿಲ ಹೊಗೆಗೆ ಕಣ್ಣಲ್ಲಿ ನೀರು ಬಂತು. ನೋಡಿದವರು ಪಶ್ಚಾತ್ತಾಪ ಎಂದುಕೊಳ್ಳಬೇಕು. ಜೇಬಿನಿಂದ ಒಂದು ಲಕೋಟೆ ತೆಗೆದು ಬಟ್ಟೆಯ ರಾಶಿಯ ಮೇಲಿಟ್ಟರು.

"ನಿಮ್ಮ ಠೇವಣಿ. ನಿಮ್ದೊಂದನ್ನ ವಿಶೇಷ ಪ್ರಕರಣ ಅಂತ ಮಾಡಿಸಿದೀನಿ," ಎಂದರು ಪಿಸುದನಿಯಲ್ಲಿ. "ಯಾರಿಗೂ ಹೇಳ್ಬೇಡಿ."

ಮೂಲೆಯಲ್ಲಿ ಬಟ್ಟೆ ಮಡಚುತ್ತಿದ್ದ ಅತ್ತೆ ತಲೆಯೆತ್ತಿದಳು. ಸೂಜಿ ಬಿದ್ದರೂ ಕೇಳಿಸುವ ಕಿವಿ ಆಕೆಯದು.

"ಸ್ವಲ್ಪ ಗಟ್ಟಿಯಾಗಿ ಹೇಳಿ ಸ್ವಾಮಿ. ವಯಸ್ಸಾಯ್ತು, ಕಿವಿ ಕೇಳಲ್ಲ."

"ಯಾರಿಗೂ ಹೇಳ್ಬೇಡಿ ಅಂದೆ," ಎಂದು ಸಾಹೇಬರು ಕೂಗಿದರು.

ಬೀದಿಗೆಲ್ಲ ಕೇಳಿಸಿತು. ಬಾಗಿಲಲ್ಲಿ ಒಬ್ಬೊಬ್ಬರಾಗಿ ಜನ ಸೇರಿದರು. ಚಪ್ಪಲಿ ಮಾವ ಕೈಯಲ್ಲಿದ್ದ, ಚಪ್ಪಲಿ ಕೂರಿಸಿ ಹೊಲಿಯುವ ಮರದ ಅಚ್ಚಿನ ಸಮೇತ ಬಂದು ನಿಂತ. ನಾನೂ ಹೋದೆ.

ಅಕ್ಕ ಲಕೋಟೆಯನ್ನೇ ನೋಡುತ್ತಿದ್ದಳು. ಅವಳ ಬಲಗೈ ಅರ್ಧ ದೂರ ಹೋಯಿತು. ಆ ಕೈಯ ಹಿಂಬದಿಯಲ್ಲಿ ಕಿಡಿ ಬಿದ್ದ ಕಲೆಗಳಿದ್ದವು. ಆ ದುಡ್ಡು ಕಟ್ಟಿದರೆ ನಾಳೆಯೇ ಕರೆಂಟು ಬರುತ್ತದೆ, ಅತ್ತೆಯ ಕೆಮ್ಮು ಇಳಿಯುತ್ತದೆ. ತೆಗೆದುಕೋ ತಾಯಿ ಎಂದು ನನ್ನ ಮನಸ್ಸೇ ಹೇಳುತ್ತಿತ್ತು.

"ಮಾವಂದು?" ಎಂದು ಕೇಳಿದಳು.

"ಅದು ಬೇರೆ ವಿಷಯ."

"ಮೀಟರ್ ತಪಾಸಣೆ ಆಗ್ಬೇಕು ಅಂತಿದ್ರಲ್ಲ. ನಂದು ಆಯ್ತಾ?"

ಸಾಹೇಬರು ಲಕೋಟೆಯನ್ನು ಅವಳತ್ತ ಇನ್ನಷ್ಟು ಸರಿಸಿದರು.

"ಅಂದ್ರೆ ತಪಾಸಣೆ ಇಲ್ದೇನೂ ಕೊಡಬಹುದು," ಎಂದಳು ಅಕ್ಕ. ಹೋದ ಕೈ ಹಿಂದಕ್ಕೆ ಬಂತು. ಲಕೋಟೆ ಹಾಗೇ ಉಳಿಯಿತು. "ಕಿಟಕಿಯಲ್ಲಿ ಕೊಡಿ ಸ್ವಾಮಿ. ಎಲ್ಲರ ಎದುರು, ಎಲ್ಲರದೂ ಕೊಡಿ."

"ಈ ಕೋಣೆಗೆ ಜನ್ಮದಲ್ಲಿ ಕರೆಂಟು ಬರಲ್ಲ, ನೆನಪಿರಲಿ."

ಅಕ್ಕ ಎದ್ದು ಗೂಟದಿಂದ ಕೋಟು ತೆಗೆದಳು. ತೋಳುಗಳನ್ನು ಒಳಗೆ ಮಡಚಿ, ಕಾಗದ ಸುತ್ತಿ ಅವರ ಕೈಗಿಟ್ಟಳು.

"ತಗೊಳ್ಳಿ. ಇನ್ನೊಬ್ಬರದನ್ನ ಇಟ್ಕೊಂಡು ಮಲಗಿದ್ರೆ ನಂಗೆ ನಿದ್ದೆ ಬರಲ್ಲ. ನಿಮಗೆ ಅಭ್ಯಾಸ ಇರಬಹುದು. ಇಸ್ತ್ರಿ ಕೂಲಿ ಡ್ರೈವರ್ ಹತ್ರ ಕಳಿಸಿ."

ಸಾಹೇಬರು ಲಕೋಟೆಯನ್ನೂ ಎತ್ತಿಕೊಂಡು ಹೊರಟರು. ಬೀದಿ ಅವರಿಗೆ ದಾರಿ ಬಿಟ್ಟಿತು, ಆದರೆ ಚದುರಲಿಲ್ಲ. ಯಾರಿಗೆಲ್ಲ ಎಷ್ಟೆಷ್ಟು ಬರಬೇಕು ಎಂಬುದು ಅವತ್ತೇ ಮೊದಲ ಸಲ ನಾವು ಒಬ್ಬರಿಗೊಬ್ಬರು ಹೇಳಿಕೊಂಡದ್ದು.

ಮರುದಿನ ಬೆಳಿಗ್ಗೆ ಎಲ್ಲರೂ ವಾಪಸಾತಿಯ ಕಿಟಕಿಯ ಮುಂದೆ ಸಾಲಾಗಿ ನಿಂತೆವು. ಪೇದೆಯೂ ಮಫ್ತಿಯಲ್ಲಿ ಬಂದಿದ್ದ. ಗಲಾಟೆಯಿಲ್ಲ, ಘೋಷಣೆಯಿಲ್ಲ, ಬರೀ ಸಾಲು. ಅದು ಅಂಗಳ ದಾಟಿ, ಅವತ್ತಿನ ಸಮಾರಂಭಕ್ಕೆ ಹಾಕಿದ್ದ ಶಾಮಿಯಾನದ ನಡುವೆ ಹಾದು, ಗೇಟಿನಾಚೆ ಹೋಗಿ ರಸ್ತೆಗೆ ತಲುಪಿತು. ಅತಿಥಿಗಳ ಕಾರುಗಳು ಗೇಟಿನ ಹೊರಗೇ ಹಾರನ್ ಹೊಡೆಯುತ್ತಾ ನಿಂತವು. ಕರಿ ಕೋಟಿನ ಸಾಹೇಬರು ಎಲ್ಲರತ್ತ ನಗುತ್ತಾ, ಗುಮಾಸ್ತನಿಗೆ ಮಾತ್ರ ಹಲ್ಲು ಕಚ್ಚಿ ಹೇಳಿದರು: "ಕೊಟ್ಟು ಕಳಿಸು."

ಚಿಲಕ ತೆಗೆಯಲು ಸುತ್ತಿಗೆ ಬೇಕಾಯಿತು. ತಪಾಸಣೆಯ ಮಾತು ಯಾರ ಬಾಯಲ್ಲೂ ಬರಲಿಲ್ಲ. ಗುಮಾಸ್ತ ಮೊದಲಿಗಳಾಗಿ ನಿಂತಿದ್ದ ಇಸ್ತ್ರಿ ಅಕ್ಕನಿಗೆ ದುಡ್ಡು ಎಣಿಸಿಕೊಟ್ಟ.

"ಸರಿಯಾಗಿದೆಯಾ ನೋಡ್ಕೊಳ್ಳಿ."

"ಕಟ್ಟಿದಷ್ಟೇ ಇದೆ," ಎಂದಳು ಅಕ್ಕ. ಜರುಗಲಿಲ್ಲ.

"ಮತ್ತಿನ್ನೇನು? ಮುಂದಿನವರು ಬರಲಿ."

"ಇದನ್ನ ಕಟ್ಟೋಕೆ ಅವತ್ತು ನಾನು ಎರಡು ಬಳೆ ಮಾರಿದ್ದೆ. ಇವತ್ತು ಇದಕ್ಕೆ ಒಂದು ಬಳೆಯೂ ಬರಲ್ಲ. ಇಷ್ಟು ವರ್ಷ ಈ ದುಡ್ಡು ನಿಮ್ಮ ಹತ್ರ ಸುಮ್ನೆ ಕೂತಿತ್ತಾ, ದುಡೀತಿತ್ತಾ?"

ಗುಮಾಸ್ತ ಶಾಮಿಯಾನದ ಕಡೆ ನೋಡಿದ. ಅಲ್ಲಿ ಮೈಕಿನಲ್ಲಿ ಲಾಭದ ಲೆಕ್ಕ ಓದುತ್ತಿದ್ದರು.

"ಬಡ್ಡಿ ಕೊಡೋ ನಿಯಮ ಇಲ್ಲಮ್ಮ," ಎಂದು ಕಿಟಕಿಯ ಬಾಗಿಲು ಎಳೆದ.

ಅದು ಮುಚ್ಚಲಿಲ್ಲ. ಚಪ್ಪಲಿ ಮಾವ ಸಂದಿಗೆ ತನ್ನ ಮರದ ಅಚ್ಚನ್ನು ತುರುಕಿದ್ದ. ಬಡ್ಡಿ ಎಂಬ ಮಾತು ಒಬ್ಬರ ಬಾಯಿಂದ ಇನ್ನೊಬ್ಬರ ಕಿವಿಗೆ ಹಿಂದಕ್ಕೆ ಸಾಗುತ್ತಾ, ಗೇಟು ದಾಟಿ ರಸ್ತೆಯವರೆಗೂ ಹೋಯಿತು. ನಿಂತಿದ್ದ ಸಾಲು ನಿಂತಲ್ಲೇ ನೆಲಕ್ಕೆ ಕೂತಿತು.