ಕಳೆದ ವಸ್ತುಗಳ ಕೌಂಟರಿನ ಸರ್ಪ

ಮೊದಲೇ ಹೇಳಿಬಿಡುತ್ತೇನೆ: ನನ್ನ ಕೈಯಲ್ಲಿದ್ದ ಗಡಿಯಾರ ನನ್ನದಲ್ಲ. ಬಸ್ ನಿಲ್ದಾಣದಲ್ಲಿ ಕಳೆದ ವಸ್ತುಗಳ ಕೌಂಟರಿಗೆ ಹನ್ನೊಂದು ವರ್ಷದಿಂದ ನಾನೇ ಮುಖ್ಯಸ್ಥೆ. ತೊಂಬತ್ತು ದಿನ ಯಾರೂ ಕೇಳದ ಸಾಮಾನು ವಿಲೇವಾರಿಗೆ ಹೋಗಬೇಕು. ಎರಡು ವರ್ಷದ ಹಿಂದೆ ಕೀಲಿ ಕೊಡುವ ಪುಟ್ಟ ಗಡಿಯಾರವೊಂದು ಮಾತ್ರ ಹೋಗಲಿಲ್ಲ, ನನ್ನ ಕೈಗೆ ಬಂತು. ಗೊತ್ತಾದರೆ ಕೆಲಸ ಹೋಗುತ್ತದೆ. ಮರ್ಯಾದೆ ಅದಕ್ಕಿಂತ ಮೊದಲೇ ಹೋಗುತ್ತದೆ.

ಹೀಗಿರುವಾಗ ಹೊಸ ಸಹಾಯಕ ಬಂದ. ಐವತ್ತರ ಆಸುಪಾಸು, ರೆಪ್ಪೆ ಬಡಿಯುವುದೇ ಅಪರೂಪ. ಮೂರನೇ ದಿನ ಚಹಾ ಕುಡಿಯುತ್ತಾ ತನ್ನ ರಕ್ತದ ಗುಂಪು ಹೇಳುವವನಂತೆ ಹೇಳಿದ: “ಅಕ್ಕಾ, ನಿಮ್ಮ ಹತ್ರ ಮುಚ್ಚಿಡೋದೇನು. ಮೈ ಮಾತ್ರ ಮನುಷ್ಯಂದು. ಒಳಗಿರೋದು ನಿಧಿ ಕಾಯೋ ಸರ್ಪ.”

“ಹಾಗಾದ್ರೆ ಚಹಾ ಯಾಕೆ, ಹಾಲೇ ತರಿಸ್ತಿದ್ನಲ್ಲಪ್ಪ!”

“ತಮಾಷೆ ಅಲ್ಲಕ್ಕ. ಚಿಕ್ಕಂದಿನಿಂದ ಹಾಗೇ. ಈ ಕೆಲಸ ಕೇಳ್ಕೊಂಡು ಬಂದಿದ್ದೂ ಅದಕ್ಕೇ.”

ಅವನ ಕಣ್ಣು ನನ್ನ ಮಣಿಕಟ್ಟಿನ ಮೇಲಿತ್ತು. ಸರ್ಪವಂತೆ, ಸರ್ಪ! ಮೇಲಿನ ಆಫೀಸಿನವರು ಬಿಟ್ಟ ಗೂಢಚಾರನೇ ಇರಬೇಕು. ಹುಚ್ಚನ ಹಾಗೆ ಆಡಿದರೆ ನಾನು ಮೈಮರೆಯುತ್ತೇನೆ ಎಂದುಕೊಂಡಿದ್ದಾನೆ.

ನಮ್ಮ ಕೌಂಟರಿಗೆ ಯಾರೇ ಬಂದು ‘ಅದು ನನ್ನದು’ ಎಂದರೂ ಹೊರಗಿನವರಿಗೆ ಗೊತ್ತಾಗದ ಒಂದು ಗುರುತು ಹೇಳಬೇಕು. ಹೇಳದವರಿಗೆ ಹರಕು ಛತ್ರಿಯನ್ನೂ ಕೊಡುವುದಿಲ್ಲ. ಅವನಿಗೂ ಅದನ್ನೇ ಕೇಳಿದೆ. “ಸರ್ಪ ಅಂತೀಯಲ್ಲ, ಗುರುತು ಹೇಳು ನೋಡೋಣ.”

“ಬೇರೆಯವರ ವಸ್ತು ಹಿಡ್ಕೊಂಡ್ರೆ ಕೈ ಉರಿಯುತ್ತೆ. ಅವರಿಗೆ ಸೇರೋವರೆಗೂ ಆರಲ್ಲ.”

ನಾನು ಬಿಡುವವಳಲ್ಲ. ಮರುದಿನ ನನ್ನ ಓಲೆಯೊಂದನ್ನು ಅವನ ಕುರ್ಚಿಯ ಕೆಳಗೆ ಬೀಳಿಸಿ ಕಾದೆ. ಮಧ್ಯಾಹ್ನಕ್ಕೆ ಅದು ಚೀಟಿ ಕಟ್ಟಿಸಿಕೊಂಡು ನನ್ನ ಮೇಜಿಗೆ ಬಂತು: ‘ಓಲೆ, ಒಂದು. ಅಕ್ಕನದ್ದು.’ ಇಷ್ಟು ಸಾಚಾ ಆಗಿರುವವನನ್ನು ಹೇಗೆ ನಂಬುವುದು?

ಆಮೇಲೆ ಅವನು ಹಳೆಯ ದಾಖಲೆ ಪುಸ್ತಕಗಳನ್ನೂ ಬೇರೆ ಊರಿನ ಕೌಂಟರುಗಳಿಂದ ಬಂದ ದೂರುಗಳನ್ನೂ ಇಳಿಸಿಕೊಂಡು ಕೂತ. “ಏನ್ ಹುಡುಕ್ತಿದೀಯ?” ಎಂದರೆ “ಸುಮ್ನೆ ಅಕ್ಕ” ಅಂದ. ಸುಮ್ಮನೆ ಯಾರಾದರೂ ದೂಳು ಕುಡಿಯುತ್ತಾರೆಯೇ? ಸೆಕೆಯಲ್ಲೂ ಉದ್ದ ತೋಳಿನ ಅಂಗಿ ಹಾಕತೊಡಗಿದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನಾನು ಯಾರೂ ಏನೂ ಅನ್ನುವ ಮೊದಲೇ ಮುಟ್ಟಿಕೊಳ್ಳುತ್ತಿದ್ದೆ.

ಗುರುವಾರ ಒಬ್ಬ ಅಜ್ಜ ಬಂದ. ಕೈಯಲ್ಲಿ ಒಂದು ಕಾಗದ.

“ಎರಡು ವರ್ಷದ ಹಿಂದೆ ನಮ್ಮೂರ ಕೌಂಟರಲ್ಲಿ ದೂರು ಕೊಟ್ಟಿದ್ದೆ ತಾಯೀ. ಇಲ್ಲಿ ಬಂದು ಕೇಳಿ ಅಂತ ನೀವು ಬರ್ದಿದೀರಿ. ನಮ್ಮ ಮನೆಯವಳ ಗಡಿಯಾರ.”

ನಾನೆಲ್ಲಿ ಬರೆದೆ! ತಿರುಗಿ ನೋಡಿದರೆ ಸರ್ಪ ತಲೆ ತಗ್ಗಿಸಿ ಚೀಟಿಗೆ ದಾರ ಪೋಣಿಸುತ್ತಿದ್ದ. ಬಲೆ ಹಾಕಿಯೇಬಿಟ್ಟಿದ್ದಾನೆ, ಪಾಪಿ.

“ಗುರುತು ಹೇಳಿ,” ಎಂದೆ.

“ಕಾಯಿಲೆ ಬಿದ್ಮೇಲೆ ಅವಳ ಕೈ ತೀರಾ ಸಣ್ಣಗಾಯ್ತು. ಪಟ್ಟಿಗೆ ನಾನೇ ಮೊಳೆ ಕಾಯ್ಸಿ ಇನ್ನೊಂದು ತೂತು ಮಾಡಿದ್ದೆ. ಸೊಟ್ಟಗೆ. ಕೊನೆವರೆಗೂ ಬೈದ್ಲು ಅದಕ್ಕೆ.”

ನನ್ನ ಕೈಯೂ ಸಣ್ಣದು. ಎರಡು ವರ್ಷದಿಂದ ದಿನಾ ಆ ಸೊಟ್ಟ ತೂತಿಗೇ ಕೊಕ್ಕೆ ಹಾಕುತ್ತಿದ್ದೆ.

“ಅಂಥದ್ದು ಬಂದಿಲ್ಲ ಅಜ್ಜ,” ಅಂದುಬಿಟ್ಟೆ.

ಅಜ್ಜ ತಲೆಯಾಡಿಸಿ ಕಾಗದ ಮಡಚತೊಡಗಿದ. ಈಗ ಸರ್ಪ ಬುಸ್ಸೆನ್ನುತ್ತದೆ, ನನ್ನ ತೋಳು ಎತ್ತಿ ತೋರಿಸುತ್ತದೆ ಎಂದು ಕಾದೆ. ಅವನು ಎದ್ದು ಬಂದು ದಾರ ಪೋಣಿಸಿದ ಖಾಲಿ ಚೀಟಿಯನ್ನು ನನ್ನ ಮುಂದಿಟ್ಟ.

“ಹಿಂದಿನ ಕಪಾಟು ನೋಡಿಲ್ಲ ಅಲ್ವಾಕ್ಕ? ನೀವು ಹುಡುಕಿ, ನಾನು ಅಜ್ಜನ್ನ ಬೆಂಚಲ್ಲಿ ಕೂರಿಸ್ತೀನಿ.”

ಕಪಾಟಿನ ಮರೆಯಲ್ಲಿ ನಿಂತು ಕೊಕ್ಕೆ ಬಿಚ್ಚಿದೆ. ನಾಚಿಕೆಯಿಂದ ಸಾಯಬೇಕೆನಿಸಿತು. ಚೀಟಿ ಕಟ್ಟಿ ತಂದುಕೊಟ್ಟೆ.

ಅಜ್ಜ ಗಡಿಯಾರವನ್ನು ಕಿವಿಗೆ ಹಿಡಿದ. “ಅರೆ, ಓಡ್ತಾ ಇದೆ! ದಿನಾ ಕೀಲಿ ಕೊಡ್ಬೇಕಲ್ಲ ಇದಕ್ಕೆ. ಯಾರು ಕೊಡ್ತಿದ್ರು?”

ನಾನು ಅಂಗಿಯ ತೋಳನ್ನು ಕೆಳಗೆಳೆದುಕೊಂಡೆ.

“ನಮ್ಮಕ್ಕ,” ಎಂದ ಅವನು. “ನಿಮಗೋಸ್ಕರ ಕಾಯ್ತಿದ್ರು.”

ಅಜ್ಜ ಎರಡೂ ಕೈ ಎತ್ತಿ ನನಗೆ ಮುಗಿದ. ನಾನು ಕೈ ಮೇಜಿನ ಕೆಳಗೆ ಬಚ್ಚಿಟ್ಟುಕೊಂಡೆ. ಪಟ್ಟಿಯಿದ್ದ ಜಾಗ ಬೆಳ್ಳಗಿತ್ತು, ಉರಿಯುತ್ತಿತ್ತು.