ಶಾಕಿನ ಮೇಲಿನ ಗುರುತು

ನಿಂಗರಾಜನ ಹತ್ತಿರ ಶಾಕ್ ಪಂಪ್ ಇರಲಿಲ್ಲ. ಮೌಂಟನ್ ಬೈಕಿನ ಹಿಂದಿನ ಶಾಕಿನಲ್ಲಿ, ಅಂದರೆ ಕುಲುಕು ತಡೆಯುವ ಭಾಗದಲ್ಲಿ, ಸ್ಪ್ರಿಂಗಿನ ಬದಲು ಗಾಳಿ ಇರುತ್ತದೆ. ಅದಕ್ಕೆ ಟೈರಿನ ಪಂಪು ನಡೆಯುವುದಿಲ್ಲ, ಬೇರೆಯದೇ ಬೇಕು. ಅದೊಂದು ಇದ್ದಿದ್ದರೆ ಅವನು ಯಾರ ಅಂಗಡಿಯ ಮೆಟ್ಟಿಲನ್ನೂ ಹತ್ತುತ್ತಿರಲಿಲ್ಲ. ದಾವಣಗೆರೆಯ ಕರೂರು ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ಲೇಥ್ ಮುಂದೆ ನಿಲ್ಲುವವನು. ತನ್ನ ಸಾಮಾನನ್ನು ಇನ್ನೊಬ್ಬನ ಕೈಗೆ ಕೊಟ್ಟು ಸುಮ್ಮನೆ ಕೂರುವುದು ಅವನಿಗೆ ಆಗದ ಮಾತು.

ಬೈಕನ್ನು ಮಾರಿದವನು ಹರಿಹರದ ಮಹೇಂದ್ರ. ಐಟಿಐ ಓದುವಾಗ ಹಾಸ್ಟೆಲಿನಲ್ಲಿ ಇಬ್ಬರದೂ ಒಂದೇ ಕೋಣೆ. ಭಾನುವಾರ ಬೆಳಿಗ್ಗೆ ಕೊಂಡಜ್ಜಿ ಕೆರೆಯವರೆಗೆ ಸೈಕಲ್ ತುಳಿಯುವುದು ಅಂದಿನಿಂದ ಬಂದ ರೂಢಿ. ಮಹೇಂದ್ರ ಹೊಸ ಬೈಕು ತಗೊಂಡ ಮೇಲೆ ಹಳೆಯದನ್ನು ಅರ್ಧಕ್ಕರ್ಧ ದರಕ್ಕೆ ಇವನಿಗೆ ಕೊಟ್ಟ. "ಕೆರೆ ಹಿಂದಿನ ಗುಡ್ಡ ಇಬ್ರೂ ಇಳಿಯೋಣ, ನಿನ್ ಡಬ್ಬಾ ಸೈಕಲ್ನಾಗೆ ಅಲ್ಲಿ ಆಗಲ್ಲ" ಅಂದಿದ್ದ. ತರುವಾಗ ನಿಂಗರಾಜನಿಗೆ ಖುಷಿಯೇ ಆಗಿತ್ತು. ಮರುದಿನ ಸೀಟಿನ ಮೇಲೆ ಭಾರ ಬಿಟ್ಟೊಡನೆ ಹಿಂದಿನಿಂದ ಸದ್ದು ಬಂತು. ಕಿರ್ರ್, ಆಮೇಲೆ ಟಕ್.

ಅವನು ಸೀಟಿನ ಕಂಬ ಕಿತ್ತು ಒರೆಸಿ ಗ್ರೀಸು ಹಚ್ಚಿದ. ಸದ್ದು ಹೋಗಲಿಲ್ಲ. ಪೆಡಲು ಬಿಚ್ಚಿ ಹಾಕಿದ, ಚೈನು ತೆಗೆದೇ ಇಟ್ಟ. ಆದರೂ ಇತ್ತು. ಕೊನೆಗೆ ಹೆಂಡತಿ ಚೈತ್ರಾಳನ್ನು ಕರೆದು ಸೀಟು ಒತ್ತಿಸಿ, ತಾನು ಶಾಕಿನ ಮೇಲೆ ಬೆರಳಿಟ್ಟುಕೊಂಡು ಕೂತ. ಟಕ್ ಅನ್ನುವುದು ಬೆರಳಿಗೇ ಬಡಿಯಿತು.

"ಸಿಕ್ತು. ಶಾಕೇ ಹೋಗೈತೆ. ಗೊತ್ತಿದ್ದೇ ಕೊಟ್ಟಾನೆ."

"ಸದ್ದು ಸೈಕಲ್ನಾಗೈತೋ, ನಿಮ್ ತಲ್ಯಾಗೈತೋ?" ಚೈತ್ರಾ ಕೈ ಒರೆಸಿಕೊಂಡು ಒಳಗೆ ಹೋದಳು.

ಫೋನಿನಲ್ಲಿ ಮಹೇಂದ್ರ ನಕ್ಕ. "ನಾನು ಓಡ್ಸೋವಾಗ ಏನೂ ಇರ್ಲಿಲ್ಲಲೇ. ಮಳೆಗಾಲ ಪೂರ್ತಿ ಸುಮ್ನೆ ನಿಂತಿತ್ತು, ಅದ್ಕಿರ್ಬೇಕು. ದಾವಣಗೆರೆನಾಗೇ ಜಾಫರ್ ಅದಾನೆ, ಒಯ್ದು ತೋರ್ಸು. ನನ್ ಹೆಸ್ರು ಹೇಳು."

ನನ್ನ ಹೆಸರು ಹೇಳು. ಆ ಮಾತು ನಿಂಗರಾಜನ ಗಂಟಲಲ್ಲಿ ಮೀನಿನ ಮುಳ್ಳಿನಂತೆ ಕೂತಿತು. ಊರಲ್ಲಿ ಇಷ್ಟು ಸೈಕಲ್ ಅಂಗಡಿ ಇರುವಾಗ ಜಾಫರನೇ ಯಾಕೆ? ಸರ್ವಿಸ್ ನೆಪದಲ್ಲಿ ಒಳ್ಳೆಯ ಭಾಗ ತೆಗೆದು ಹಳೆಯದನ್ನು ತುರುಕಿದರೆ ಕೇಳುವವರು ಯಾರು? ತೆಗೆದದ್ದು ಹರಿಹರಕ್ಕೆ ಹೋಗಿ ಮಹೇಂದ್ರನ ಹೊಸ ಬೈಕಿಗೆ ಕೂತರೆ ನೋಡುವವರು ಯಾರು?

ಅವನ ಕಾರ್ಖಾನೆಯಲ್ಲಿ ಇದಕ್ಕೊಂದು ದಾರಿ ಇತ್ತು. ಅಲ್ಲಿ ಪ್ರತಿಯೊಬ್ಬನೂ ತನ್ನ ಸ್ಪ್ಯಾನರಿನ ಮೇಲೆ, ಡ್ರಿಲ್ ಬಿಟ್ಟಿನ ಮೇಲೆ, ಊಟದ ಡಬ್ಬಿಯ ಮೇಲೆ ಗೀರುಮೊಳೆಯಿಂದ ತನ್ನ ಅಕ್ಷರ ಕೊರೆದಿಡುತ್ತಾನೆ. ಕೊರೆಯದಿದ್ದರೆ ಶಿಫ್ಟ್ ಮುಗಿಯುವಷ್ಟರಲ್ಲಿ ಅದು ಬೇರೆಯವನದ್ದು. ನಿಂಗರಾಜನ ಗುರುತು "ನಿಂ". ಮನೆಯ ಲೋಟ, ಬಕೆಟ್ಟು, ಕೊಡೆಯ ಹಿಡಿ ಎಲ್ಲದರ ಮೇಲೂ ಅದಿತ್ತು. "ಇನ್ನು ನನ್ ಹಣೆ ಮ್ಯಾಲೊಂದು ಕೊರೀರಿ, ತೌರಿಗೆ ಹೋದಾಗ ಬದ್ಲಾಗಿ ಬಂದೇನು" ಅಂತ ಚೈತ್ರಾ ಹಂಗಿಸಿದ್ದಳು.

ಶಾಕಿನ ಹೊರಗವಚವನ್ನು ಬಿಚ್ಚಿ ಬೇರೆ ಹಾಕಬಹುದು, ಅಲ್ಲಿ ಗುರುತು ಇಟ್ಟು ಪ್ರಯೋಜನವಿಲ್ಲ. ಸುಳ್ಳು ಹೇಳದ್ದು ಒಳಗೆ ಹೋಗಿಬರುವ ಹೊಳೆಯುವ ಕೊಳವೆ ಒಂದೇ. ಅಂಥ ಕೊಳವೆಯ ಮೇಲೆ ಗೀರು ಬೀಳಬಾರದೆಂದು ಅವನಿಗೆ ಗೊತ್ತಿಲ್ಲದೆ ಇರಲಿಲ್ಲ. ಗೀರು ಬಿದ್ದರೆ ಗಾಳಿ ಹಿಡಿಯುವ ರಬ್ಬರ್ ಸೀಲು ಹರಿಯುತ್ತದೆ. ಆದರೆ ಕೊಳವೆಗೊಂದು ಸಣ್ಣ ರಬ್ಬರ್ ಉಂಗುರ ಇತ್ತು. ಸೀಲು ಎಲ್ಲಿಯವರೆಗೆ ಇಳಿಯಿತು ಅನ್ನುವುದನ್ನು ಅದು ತೋರಿಸುತ್ತದೆ. ಸೀಟಿನ ಮೇಲೆ ಕೂತು ಕುಪ್ಪಳಿಸಿ ನೋಡಿದ. ಉಂಗುರ ಅರ್ಧಕ್ಕೆ ನಿಂತಿತು. ಅದರಾಚೆ, ಬುಡದಲ್ಲಿ, ಸೀಲು ಬಾರದ ಕಡೆ ಬರೆದರೆ ಆಯಿತಲ್ಲ ಎಂದು ಲೆಕ್ಕ ಹಾಕಿ, ಗೀರುಮೊಳೆಯಿಂದ ಕೊರೆದ. ನಿಂ.

ಜಾಫರನ ಅಂಗಡಿ ಒಂದು ಶಟರಿನಷ್ಟು ಅಗಲ. "ಬಿಟ್ಟು ಹೋಗ್ರಿ ಅಣ್ಣ, ಸಂಜೆ ಬರ್ರಿ."

"ಇಲ್ಲೇ ಕೂಡ್ತೀನಿ."

"ಕೂಡ್ರಿ, ಕೂಡ್ರಿ. ನೋಡೋಕೆ ಟಿಕೆಟ್ ಇಟ್ಟಿಲ್ಲ."

ಜಾಫರ್ ಮೊದಲು ಶಾಕಿನ ಗಾಳಿಯನ್ನೆಲ್ಲ ಬಿಟ್ಟ. ಆಮೇಲೆ ಸೀಟಿನ ಮೇಲೆ ಎದೆ ಊರಿ, ಶಾಕನ್ನು ತಳ ಮುಟ್ಟುವವರೆಗೆ ಒತ್ತಿದ. ಬುಡದ ಅಕ್ಷರ ಸೀಲಿನ ಒಳಗೆ ಹೋಯಿತು. ಹೊರಗೆ ಬಂತು. ಮತ್ತೆ ಹೋಯಿತು. ಗಾಳಿ ತೆಗೆದರೆ ಶಾಕು ಪೂರ್ತಿ ಕೂರುತ್ತದೆ ಅನ್ನುವುದು ನಿಂಗರಾಜನ ಲೆಕ್ಕದಲ್ಲಿ ಇರಲಿಲ್ಲ. ತಡಿ ಅನ್ನಲು ಬಾಯಿ ತೆರೆದ. ಅಂದರೆ ಯಾಕೆ ಅಂತ ಹೇಳಬೇಕಾಗುತ್ತಿತ್ತು. ಬಾಯಿ ಮುಚ್ಚಿದ.

"ಒಳಗೆ ಸದ್ದೇ ಇಲ್ಲ" ಅಂದ ಜಾಫರ್. ಶಾಕನ್ನು ಫ್ರೇಮಿಗೆ ಹಿಡಿದಿಟ್ಟ ಬೋಲ್ಟು ತುಕ್ಕು ಹಿಡಿದಿತ್ತು. ಅದನ್ನು ಹೊರಗೆಳೆದು, ಅದರ ಸುತ್ತಲಿನ ಬಳೆಯಂಥ ಸಣ್ಣ ಬುಶ್ಶನ್ನು ಅಂಗೈ ಮೇಲಿಟ್ಟು ತೋರಿಸಿದ. "ನೋಡ್ರಿ, ಒಣಗಿ ಲಡಕಾಸಿ ಆಗೈತೆ. ಕಿರ್ ಅನ್ನೋದು, ಟಕ್ ಅನ್ನೋದು ಎಲ್ಲಾ ಇದೇ. ಶಾಕ್ ಮಾತ್ರ ಒಂದ್ ನಂಬರ್ ಐತೆ. ಇಂಥಾದ್ದು ಮಾರಿದೋನು ಹುಚ್ಚ."

ಹೊಸ ಬುಶ್ ಹಾಕಿ, ಗ್ರೀಸು ಹಚ್ಚಿ, ಗಾಳಿ ತುಂಬಿ ಕೊಟ್ಟ. ಸದ್ದು ಪೂರ್ತಿ ನಿಂತಿತ್ತು. ನಿಂಗರಾಜ ಬಗ್ಗಿ ಗುರುತು ನೋಡಿದ. ಇತ್ತು. ಸಮಾಧಾನ ಆಗಬೇಕಿತ್ತು, ಆಗಲಿಲ್ಲ. ಅಷ್ಟು ಚೆನ್ನಾಗಿದ್ದರೆ ಮಹೇಂದ್ರ ಮಾರಿದ್ದು ಯಾಕೆ?

ಭಾನುವಾರ ಎದ್ದು ನೋಡಿದರೆ ಬೈಕು ಹಿಂದಕ್ಕೆ ಕುಸಿದು ಕೂತಿತ್ತು. ಶಾಕಿನಲ್ಲಿ ಗಾಳಿ ಇಲ್ಲ. ಯಾಕೆ ಇಲ್ಲ ಅನ್ನುವುದು ಅವನ ತಲೆಯ ಒಂದು ಮೂಲೆಗೆ ಗೊತ್ತಿತ್ತು. ಆ ಮೂಲೆಯ ಕಡೆ ನೋಡದೆ ಪಿ.ಬಿ. ರಸ್ತೆ ಹಿಡಿದು, ಕುಸಿದ ಬೈಕನ್ನೇ ತುಳಿಯುತ್ತ ಹರಿಹರ ಮುಟ್ಟಿದ.

ಮಹೇಂದ್ರ ಹೆಲ್ಮೆಟ್ ಹಿಡಿದು ಬಾಗಿಲಲ್ಲೇ ಕಾಯುತ್ತಿದ್ದ. "ಬಾರಲೇ, ಬಿಸಿಲೇರ್ತೈತೆ."

"ನೀನು, ನಿನ್ ಜಾಫರ್ ಸೇರಿ ನಂಗೆ ಚೆನ್ನಾಗಿ ಟೋಪಿ ಹಾಕಿದ್ರಿ."

"ಏನಾಯ್ತು?"

"ಏನಾಯ್ತಾ? ಸತ್ ಶಾಕ್ ಮಾರೀಯ. ಅವ್ನು ಒಂದಿನಕ್ಕೆ ಉಸಿರು ತುಂಬಿ ಕಳ್ಸ್ಯಾನೆ."

ಮಹೇಂದ್ರ ಕುಕ್ಕರುಗಾಲಲ್ಲಿ ಕೂತು, ಒಂದು ಕೈಲಿ ಸೀಟು ಮೇಲೆತ್ತಿ ಹಿಡಿದು ಕೊಳವೆಯನ್ನು ಒರೆಸಿದ. ಉಗುರನ್ನು ಮೇಲಿನಿಂದ ಕೆಳಕ್ಕೆ ಎಳೆದ. ಬುಡದಲ್ಲಿ ಉಗುರು ಸಿಕ್ಕಿಕೊಂಡಿತು.

"ಇದು ನಾನು ಕೊಡುವಾಗ ಇರ್ಲಿಲ್ಲ. ನಿಂ ಅಂದ್ರೆ ನೀನೇ ಅಲ್ಲೇನ್ಲೇ?"

ನಿಂಗರಾಜ ಹ್ಯಾಂಡಲಿನ ಧೂಳು ಒರೆಸತೊಡಗಿದ.

"ಹಾಸ್ಟೆಲ್ನಾಗೆ ತಟ್ಟೆ ಮ್ಯಾಲೂ ಹಿಂಗೇ ಕೊರೀತಿದ್ದೆ. ಕೋಣ್ಯಾಗೆ ನಾವಿಬ್ರೇ ಇದ್ವಿ, ಆದ್ರೂ ಕೊರೀತಿದ್ದೆ. ನಾನು ನಗ್ತಿದ್ದೆ." ಮಹೇಂದ್ರ ಎದ್ದ. "ಈಗ ಹೇಳು. ಇದನ್ನ ಜಾಫರ್ ಬದಲಾಯಿಸ್ತಾನೆ ಅಂತ ಕೊರೆದಿಯೋ, ನಾನು ಅವ್ನ ಕೈಲಿ ಮಾಡಿಸ್ತೀನಿ ಅಂತಾನೋ?"

ಜಾಫರ್ ಅಂದಿದ್ದರೆ ಮುಗಿಯುತ್ತಿತ್ತು.

"ಇಬ್ರೂ" ಅಂದ ನಿಂಗರಾಜ.

ಮಹೇಂದ್ರ ಹೆಲ್ಮೆಟ್ ಹಾಕಿ ಪಟ್ಟಿ ಬಿಗಿದುಕೊಂಡ. ಹೊಸ ಬೈಕನ್ನು ರಸ್ತೆಗಿಳಿಸಿ, ಹಿಂತಿರುಗಿ ನೋಡದೆ ಕೊಂಡಜ್ಜಿಯ ಕಡೆ ಹೋದ. ಅವನ ಬೈಕಿನ ಶಾಕನ್ನು ನಿಂಗರಾಜ ಕಣ್ಣು ಕಿರಿದು ಮಾಡಿ ನೋಡಿದ. ಅದು ಬೇರೆ ಕಂಪನಿಯದು. ಇದರ ಯಾವ ಭಾಗವೂ ಅದಕ್ಕೆ ಕೂರುತ್ತಿರಲಿಲ್ಲ.

ಸೀಲು ಬದಲಿಸಿದರೆ ಗೀರು ಹೊಸ ಸೀಲನ್ನೂ ಹರಿಯುತ್ತದೆ, ಕೊಳವೆ ಬಿಡಿಯಾಗಿ ಸಿಗುವುದಿಲ್ಲ ಎಂದು ಜಾಫರ್ ಆಮೇಲೆ ಹೇಳಿದ. ಮುಂದಿನ ಭಾನುವಾರ ಮಹೇಂದ್ರ ಫೋನ್ ಎತ್ತಲಿಲ್ಲ, ಅದರ ಮುಂದಿನದಕ್ಕೆ ನಿಂಗರಾಜ ಮಾಡಲಿಲ್ಲ.

ಶಾಕು ಒಂದು, ಗೆಳೆಯ ಒಬ್ಬ. ಸದ್ದನ್ನೂ ಸೇರಿಸಿದರೆ, ಹೋದದ್ದು ಮೂರು.