ಗೇಟಿನ ಬಳಿ ಓದಿದ ಪ್ರಮಾಣವಚನ

"ಸಹಿ ಮಾಡಿದವರು ಎಲ್ಲಿ?" ಎಂದು ನೋರೀನ್ ಕೇಳಿದ್ದು ಕಾರಿನಲ್ಲಿ ಕುಳಿತಿದ್ದ ಜಯಶೀಲಾಳಿಗೂ ಕೇಳಿಸಿತು.

ನೋರೀನ್ ಮನೆಯ ಗೇಟಿನ ಮುಂದೆ ಜಯಶೀಲಾಳ ಗಂಡ ಚಂದ್ರಕಾಂತ ಕಾಗದ ಹಿಡಿದು ನಿಂತಿದ್ದ. ಕೊರೋನಾದಿಂದ ಪೌರತ್ವದ ಸಮಾರಂಭಗಳು ನಿಂತಿದ್ದವು. ಪ್ರಮಾಣವಚನಕ್ಕೆ ಸಾಕ್ಷಿಯ ಸಹಿ ಹಾಕಿಸಿ ಅಂಚೆಯಲ್ಲಿ ಕಳಿಸಬೇಕಿತ್ತು. ಐರಿಷ್ ಪಟ್ಟಣ ನೇಸ್‌ನ ಅವರ ಬಡಾವಣೆಯಲ್ಲಿ ನಿವೃತ್ತ ಶಿಕ್ಷಕಿ ನೋರೀನ್‌ಗೆ ಆ ಅಧಿಕಾರವಿತ್ತು. ಮೈಸೂರಿನಲ್ಲಿ ಅಟೆಸ್ಟೇಷನ್ ಮಾಡಿಸುವ ಹಾಗೆಯೇ ಅಂದುಕೊಂಡು ಜಯಶೀಲಾ ಮನೆಯಲ್ಲೇ ಸಹಿ ಹಾಕಿ, ಕಾಗದವನ್ನು ಗಂಡನ ಕೈಗೆ ಕೊಟ್ಟಿದ್ದಳು. ಶುಕ್ರವಾರದೊಳಗೆ ಅದು ತಲುಪಬೇಕು. ಹನ್ನೊಂದು ವರ್ಷ ಗಂಡನ ಕೆಲಸದ ಪರ್ಮಿಟ್ಟಿನ ಬಾಲವಾಗಿದ್ದವಳಿಗೆ ಅವಳದೇ ಹೆಸರಿನ ಹಕ್ಕು, ಅವಳದೇ ಒಂದು ವೋಟು ಆ ಹಾಳೆಯಲ್ಲಿತ್ತು.

ಚಂದ್ರಕಾಂತ ಕಾರಿನ ಬಳಿ ಬಂದ. "ಇದು ನಡೆಯಲ್ವಂತೆ ಶೀಲಾ. ಅವರ ಎದುರಿಗೇ ಓದಿ ಸೈನ್ ಮಾಡ್ಬೇಕಂತೆ."

"ಅಯ್ಯೋ, ಇನ್ನೊಂದು ಫಾರಂ ಎಲ್ಲಿಂದ ತರೋದು ರೀ? ನಮ್ಮ ಪ್ರಿಂಟರ್ ಬೇರೆ ಕೆಟ್ಟಿದೆ!"

ಅವಳು ಗೇಟಿಗೆ ಬರುವಷ್ಟರಲ್ಲಿ ನೋರೀನ್ ಒಳಗಿಂದ ಪುಟ್ಟ ಮೇಜು, ಹೊಸ ಹಾಳೆ ತಂದಿಟ್ಟಿದ್ದರು. "ಇಂಡಿಯಾದವರೆಲ್ಲ ಸಹಿ ಹಾಕಿಕೊಂಡೇ ಬರ್ತಾರೆ. ಅದಕ್ಕೇ ಖಾಲಿ ಫಾರಂ ಇಟ್ಟುಕೊಂಡಿದ್ದೀನಿ. ಓದಿ."

ಮಾಸ್ಕಿನೊಳಗೆ ದನಿ ಸಿಕ್ಕಿಕೊಂಡಿತು. ರಾಷ್ಟ್ರಕ್ಕೆ ನಿಷ್ಠಳಾಗಿರುತ್ತೇನೆ ಎನ್ನುವಲ್ಲಿ ಜಯಶೀಲಾ ತಡವರಿಸಿದಳು. ಪಕ್ಕದಲ್ಲಿದ್ದ ಚಂದ್ರಕಾಂತ ಮುಂದಿನ ಪದ ಹೇಳಿಕೊಟ್ಟ.

"ನೀವು ಎರಡು ಮೀಟರ್ ದೂರ," ಎಂದರು ನೋರೀನ್.

"ನಾವಿಬ್ಬರೂ ಒಂದೇ ಮನೆಯವರು."

"ಮನೆ ಒಂದೇ. ಮಾತು ಅವರದು."

ಚಂದ್ರಕಾಂತ ಬೇಲಿಯವರೆಗೆ ಸರಿದ. ನೋರೀನ್ ಅವಳತ್ತ ತಿರುಗಿದರು. "ನಿಧಾನವಾಗಿ ಓದಿ. ಹೊರಗೆ ಎಲ್ಲೂ ಬಿಡ್ತಿಲ್ಲ, ನನಗೇನು ಅವಸರ?"

ಜಯಶೀಲಾ ನಕ್ಕಳು. ಮೊದಲ ಸಾಲಿನಿಂದ ಮತ್ತೆ ಶುರುಮಾಡಿದಳು. ಈ ಸಲ ದನಿ ಎಲ್ಲೂ ನಿಲ್ಲಲಿಲ್ಲ. ಎದುರು ಮನೆಯ ನಾಯಿಯೂ ಕಿವಿ ನಿಮಿರಿಸಿತು. ಕೊನೆಯ ಸಾಲಿಗೆ ಬರುವ ಹೊತ್ತಿಗೆ ತುಂತುರು ಹನಿಯತೊಡಗಿತು.

"ರೀ, ಪೇಪರ್ ನೆನೆಯುತ್ತೆ!"

ಚಂದ್ರಕಾಂತ ಕಾರಿನಿಂದ ಕೊಡೆ ತಂದ. ಆದರೆ ಹತ್ತಿರ ಬರಲು ಧೈರ್ಯ ಸಾಲದೆ ಒಮ್ಮೆ ನೋರೀನ್ ಮುಖ ನೋಡಿದ. ಆಮೇಲೆ ಬೇಲಿಯ ಬಳಿಯಿಂದಲೇ ಬಾಗಿ, ಕೈ ಉದ್ದಕ್ಕೆ ಚಾಚಿ, ಮೇಜಿನ ಮೇಲೆ ಕೊಡೆ ಹಿಡಿದ. ಅವನ ಹಣೆಯಿಂದ ನೀರು ಇಳಿಯುತ್ತಿತ್ತು. ಕೊಡೆಯಡಿಯಲ್ಲಿ ಜಯಶೀಲಾ ತನ್ನ ಹೆಸರನ್ನು ಒಂದೊಂದೇ ಅಕ್ಷರವಾಗಿ ಪೂರ್ತಿ ಬರೆದಳು.